ಸ್ಟೂಲಿನ ಮೇಲಿದ್ದ ಡಿಯೋಡರೆಂಟ್

ನನ್ನ ತಮ್ಮ ಲಿಫ್ಟ್ ನಡೆಸುತ್ತಾನೆ. ಗುಂಡಿ ಒತ್ತಿದರೆ ತಾನೇ ಬಂದು ತಾನೇ ಬಾಗಿಲು ತೆರೆಯುವ ಈಗಿನ ಲಿಫ್ಟಲ್ಲ. ಒಳಗೊಂದು ಹೊರಗೊಂದು ಜಾಲರಿ ಬಾಗಿಲು. ಎರಡನ್ನೂ ಕೈಯಿಂದ ಎಳೆದು ಸರಿಯಾಗಿ ಕೂರಿಸದಿದ್ದರೆ ಜಪ್ಪಯ್ಯ ಅಂದರೂ ಅಲುಗದ ಹಳೆಯ ಕಾಲದ್ದು. ಐದು ಮಹಡಿಯ ಆ ಕಟ್ಟಡದಲ್ಲಿ ವೈದ್ಯರ ಕೋಣೆಗಳಿವೆ, ಲೆಕ್ಕ ನೋಡುವವರ ಆಫೀಸಿದೆ, ನೆಲಮಹಡಿಯಲ್ಲಿ ಔಷಧಿ ಅಂಗಡಿಯಿದೆ. ಅಲ್ಲಿಯವರೆಲ್ಲ ಅವನನ್ನು ಲಿಫ್ಟಣ್ಣ ಎಂದು ಕರೆಯುತ್ತಾರೆ. ಅವನಿಗಿಂತ ವಯಸ್ಸಾದವರೂ ಹಾಗೇ ಕರೆಯುತ್ತಾರೆ.

ಚಿಕ್ಕಂದಿನಿಂದಲೂ ಅವನು ಚೊಕ್ಕಟ ಮನುಷ್ಯ. ಬೆಳಿಗ್ಗೆ ಸ್ನಾನ, ಸಂಜೆ ಸ್ನಾನ. ಉಗುರಿನ ಸಂದಿಯಲ್ಲಿ ಕಪ್ಪು ಕಂಡರೆ ಊಟ ಸೇರದು. ‘ಆ ಡಬ್ಬದೊಳಗೆ ಜನ ನನ್ನ ಮೈಗೆ ಮೈ ತಾಗಿಸ್ಕೊಂಡು ನಿಲ್ತಾರೆ ಅಕ್ಕಾ, ನಾನು ಗಲೀಜಾಗಿದ್ರೆ ಆಗುತ್ತಾ?’ ಅನ್ನುತ್ತಿದ್ದ. ಅದು ಅವನ ಹೆಮ್ಮೆ. ಬೇರೆ ಹೆಮ್ಮೆಪಡುವಂಥದ್ದು ಅವನ ಬಾಳಿನಲ್ಲಿ ಹೆಚ್ಚೇನೂ ಇರಲಿಲ್ಲ ಎನ್ನುವುದನ್ನೂ ಹೇಳಬೇಕು.

ಕಟ್ಟಡದವರು ಅವನಿಗೊಂದು ಕೋಟು ಕೊಟ್ಟಿದ್ದಾರೆ. ಬೂದಿ ಬಣ್ಣ, ಕಂಬಳಿಯಷ್ಟು ದಪ್ಪ, ಒಮ್ಮೆ ನೆನೆದರೆ ಬೇಗ ಒಣಗುವುದಿಲ್ಲ. ಇರುವುದು ಒಂದೇ. ಹಾಗಾಗಿ ಅದನ್ನು ಯಾವಾಗ ತೊಳೆಯಬೇಕು ಎನ್ನುವುದಕ್ಕೆ ಗಂಡ ಹೆಂಡತಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಸಂಜೆ ಅವನು ಮನೆಗೆ ಬಂದ ಕೂಡಲೇ ಅವಳು ಕೋಟನ್ನು ಇಸಿದುಕೊಂಡು ಕಾಲರಿಗೂ ಕಂಕುಳಿಗೂ ಮೂಗು ತಾಗಿಸುವಳು. ‘ಏನಿಲ್ಲ’ ಎಂದರೆ ಕೋಟು ಗೂಟಕ್ಕೆ. ‘ಇದಕ್ಕೆ ನೀರು ಕಾಣಿಸ್ಬೇಕು’ ಎಂದರೆ ವಾರದ ರಜೆಯ ಹಿಂದಿನ ದಿನ ಬಕೆಟ್ಟಿಗೆ. ಅವಳ ಮೂಗಿನ ಮಾತೇ ಕೊನೆ. ಆ ಬೀದಿಯಲ್ಲೇ ಅವಳ ಮೂಗಿಗೆ ಅಷ್ಟು ಮರ್ಯಾದೆಯಿತ್ತು. ಹಾಲು ಕೆಟ್ಟಿದೆಯೋ, ಎಣ್ಣೆ ಹಳತೋ, ಯಾರ ಮನೆಯ ಗ್ಯಾಸ್ ಸೋರುತ್ತಿದೆಯೋ, ಎಲ್ಲಕ್ಕೂ ಅಕ್ಕಪಕ್ಕದವರು ಅವಳನ್ನೇ ಕೂಗುತ್ತಿದ್ದರು. ದೇವರು ಕೊಟ್ಟಿದ್ದು ಎಂದು ಅವಳು ನಾಚಿಕೊಳ್ಳುತ್ತಿದ್ದಳು. ಒಳಗೊಳಗೇ ಖುಷಿ.

ಒಂದು ದಿನ ತಮ್ಮ ಮಧ್ಯಾಹ್ನದ ಊಟ ಮುಗಿಸಿ ಲಿಫ್ಟಿಗೆ ಮರಳಿದಾಗ ಅವನ ಸ್ಟೂಲಿನ ಮೇಲೆ ಒಂದು ಡಿಯೋಡರೆಂಟ್ ಕ್ಯಾನು ನಿಂತಿತ್ತು. ಹೊಸದು. ಮುಚ್ಚಳದ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಯಾರೋ ಮರೆತುಹೋಗಿದ್ದಾರೆ ಎಂದುಕೊಂಡು ಹತ್ತಿದವರನ್ನೆಲ್ಲ ಕೇಳಿದ. ‘ಮೇಡಂ, ನಿಮ್ದಾ? ಸಾರ್, ನಿಮ್ದಾ?’ ಯಾರೂ ತಮ್ಮದು ಎನ್ನಲಿಲ್ಲ. ಸಂಜೆಯ ಹೊತ್ತಿಗೆ ಅವನಿಗೆ ಅರ್ಥವಾಯಿತು. ಅದು ಮರೆತು ಬಿಟ್ಟುಹೋದ ವಸ್ತುವಲ್ಲ. ಅವನಿಗೇ ಇಟ್ಟಿದ್ದು.

ಆ ಭಾನುವಾರ ನನ್ನ ಮನೆಗೆ ಬಂದವನು ಕಾಫಿ ಲೋಟವನ್ನು ಮುಟ್ಟಲೇ ಇಲ್ಲ.

‘ಅಕ್ಕಾ, ನಿಜ ಹೇಳು. ನಾನು ವಾಸನೆ ಬರ್ತೀನಾ?’

ನಾನು ಹತ್ತಿರ ಹೋಗಿ ನೋಡಿದೆ. ಒಗೆದ ಅಂಗಿ, ಸೋಪಿನ ಪರಿಮಳ. ‘ಇಲ್ಲ ಕಣೋ’ ಎಂದೆ.

‘ಒಡಹುಟ್ಟಿದೋಳು, ನೀನು ಇನ್ನೇನು ಹೇಳ್ತೀಯ?’

‘ಹಾಗಾದ್ರೆ ಯಾಕೆ ಕೇಳ್ದೆ? ಹೆಂಡ್ತೀನ ಕೇಳು.’

‘ಕೇಳ್ದೆ. ದಿನಾ ಕೋಟು ಮೂಸಿ ನೋಡ್ತಾಳಲ್ಲ, ಏನಿಲ್ಲ ಅಂತಾಳೆ. ಅವಳ ಮೂಗು ಸುಳ್ಳು ಹೇಳಲ್ಲ. ಅಂದ್ಮೇಲೆ ಇದು ಬೇಕೂಂತ ಮಾಡಿರೋ ಕೆಲ್ಸ. ನನ್ನನ್ನ ಅಲ್ಲಿಂದ ಎಬ್ಬಿಸ್ಬೇಕು ಅಂತ ಯಾರೋ ಹೊಂಚು ಹಾಕ್ತಿದ್ದಾರೆ.’

ಅಲ್ಲಿಂದ ಶುರುವಾಯಿತು ಅವನ ಪತ್ತೇದಾರಿಕೆ. ಲಿಫ್ಟಿನಲ್ಲಿ ಅವನು ಬಾಗಿಲಿಗೆ ಮುಖಮಾಡಿ ನಿಲ್ಲುತ್ತಾನೆ. ಜನ ಬೆನ್ನ ಹಿಂದೆ. ಗುಂಡಿಗಳ ಸುತ್ತ ಹಿತ್ತಾಳೆಯ ತಗಡಿದೆ. ಅವನೇ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟಿದ್ದು. ಈಗ ಅದರಲ್ಲಿ ಹಿಂದಿನವರ ಮೂಗುಗಳನ್ನು ನೋಡತೊಡಗಿದ. ಯಾರು ಉಸಿರು ಹಿಡಿದರು, ಯಾರು ಮುಖ ತಿರುಗಿಸಿದರು, ಯಾರು ಕರವಸ್ತ್ರ ತೆಗೆದರು. ಪ್ರತಿ ಭಾನುವಾರ ನನಗೆ ವರದಿ ಬರುತ್ತಿತ್ತು.

‘ಹಲ್ಲಿನ ಡಾಕ್ಟ್ರಮ್ಮ ಇದ್ದಾರಲ್ಲ, ಲಿಫ್ಟಲ್ಲೂ ಮಾಸ್ಕ್ ತೆಗೆಯಲ್ಲ.’

‘ಹಲ್ಲಿನ ಡಾಕ್ಟ್ರು ಮಾಸ್ಕ್ ಹಾಕ್ದೆ ಇನ್ಯಾರು ಹಾಕ್ತಾರೆ?’

‘ಹಲ್ಲು ಕೀಳೋವಾಗ ಹಾಕ್ಲಿ. ನನ್ನ ಹಲ್ಲನ್ನೇನು ಕೀಳ್ತಿದ್ದಾರಾ? ಹೋಗ್ಲಿ, ಲೆಕ್ಕದ ಸಾಹೇಬ್ರು ನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ಕೊಂಡು ಹೋಗ್ತಿದ್ದಾರೆ. ಕೇಳಿದ್ರೆ ವ್ಯಾಯಾಮ ಅಂತಾರೆ. ಆ ಹೊಟ್ಟೆ ನೋಡಿದ್ರೆ ಯಾರಾದ್ರೂ ನಂಬ್ತಾರಾ ಅಕ್ಕಾ?’

ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. ನಾನು ನಕ್ಕಿದ್ದನ್ನೂ ಅನುಮಾನದಿಂದಲೇ ನೋಡಿದ.

ಔಷಧಿ ಅಂಗಡಿಯವನನ್ನೂ ಅವನು ಬಿಡಲಿಲ್ಲ. ಅದೇ ಬಗೆಯ ಕ್ಯಾನು ಆ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿತ್ತು. ಯಾರು ಕೊಂಡರು ಎಂದು ಇವನು ಪುಸಲಾಯಿಸಿ ಕೇಳಿದರೆ ಅವನು, ‘ದಿನಾ ಎಷ್ಟೋ ಜನ ತಗೊಳ್ತಾರೆ, ಯಾರ ಮುಖ ಅಂತ ನೆನಪಿಟ್ಕೊಳ್ಲಿ?’ ಎಂದನಂತೆ.

‘ಹೋಗ್ಲಿ, ಇದು ದಿನಾ ಹಾಕ್ಕೊಳ್ಳೋದು ಅಗತ್ಯಾನಾ? ಅದಾದ್ರೂ ಹೇಳು.’

‘ಮಾರೋನನ್ನ ಕೇಳ್ತಿದ್ದೀಯಲ್ಲೋ ಲಿಫ್ಟಣ್ಣ! ಬೇಕು ಅಂದ್ರೆ ವ್ಯಾಪಾರ ಅಂತೀಯ, ಬೇಡ ಅಂದ್ರೆ ನನ್ನ ಹೊಟ್ಟೆಪಾಡು ಹೋಗುತ್ತೆ. ಸ್ನಾನ ಮಾಡಿ ಒಗೆದ ಬಟ್ಟೆ ಹಾಕೋರಿಗೆ ಎಷ್ಟೋ ಸಲ ಅಷ್ಟೇ ಸಾಕು. ಕೆಲವರ ಬೆವರು ಬೇರೆ ಥರ, ಅವರಿಗೆ ಬೇಕಾಗುತ್ತೆ. ನೀನು ಯಾವ ಪೈಕಿ ಅಂತ ನಿನ್ನ ಮೂಗು ಹೇಳಲ್ಲ, ಅಭ್ಯಾಸ ಆಗಿರುತ್ತೆ. ಪಕ್ಕದೋರ ಮೂಗು ಹೇಳ್ಬೇಕು.’

ಪಕ್ಕದವರ ಮೂಗು ಹೇಳಿಯಾಗಿತ್ತಲ್ಲ, ಏನಿಲ್ಲ ಎಂದು! ಆದರೂ ಹೆದರಿಕೆಗೆ ತಮ್ಮ ಕ್ಯಾನಿನ ಮುಚ್ಚಳ ತೆಗೆದ. ಮೈಗೆ ಹಾಕಿದರೆ ಸೋತಂತೆ ಎಂದು ಕೋಟಿನ ಮೇಲೆ ಹೊಡೆದುಕೊಂಡ. ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಆಮೇಲೆ ಯಾರಾದರೂ ಮೂಗು ಅಲುಗಿಸಿದಾಗಲೆಲ್ಲ. ಆ ಮುಚ್ಚಿದ ಡಬ್ಬದಲ್ಲಿ ಏನಾಗಿರಬೇಕು, ಊಹಿಸಿ. ಉಬ್ಬಸದ ಒಬ್ಬ ಅಜ್ಜಿ ಎರಡನೇ ಮಹಡಿಯಲ್ಲೇ ಇಳಿದು ಗೋಡೆ ಹಿಡಿದು ಕೆಮ್ಮಿದಳಂತೆ. ಮ್ಯಾನೇಜರರಿಗೆ ದೂರು ಹೋಯಿತು. ‘ನಾಳಿದ್ದು ನನ್ನ ಕೋಣೆಗೆ ಬಾ, ಮಾತಾಡ್ಬೇಕು’ ಎಂದು ಅವರು ಹೇಳಿ ಕಳಿಸಿದರು. ಆ ಲಿಫ್ಟಿಗೆ ಬೇರೆ ಜನ ನೋಡುವ ಮಾತು ಕಟ್ಟಡದಲ್ಲಿ ಹಬ್ಬಿತು. ಮತ್ತೊಂದು ಕೆಲಸ ಹುಡುಕುವ ವಯಸ್ಸು ಅವನದಲ್ಲ.

ಮರುದಿನ ಲಿಫ್ಟು ಕೆಟ್ಟು ರಿಪೇರಿಯವರು ಬಂದರು. ಇವನು ಮಧ್ಯಾಹ್ನವೇ ಮನೆಗೆ ಬಂದ. ಪಕ್ಕದ ಮನೆಯವಳು ಹಾಲಿನ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ‘ಸ್ವಲ್ಪ ನೋಡ್ರೀ, ಮಗೂಗೆ ಕೊಡ್ಬಹುದಾ?’ ಹೆಂಡತಿ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದಳು. ಮತ್ತೆ ಬೆಳಕಿಗೆ ಹಿಡಿಯುವವಳಂತೆ ಕಿಟಕಿಯತ್ತ ತಿರುಗಿ, ಬೆರಳದ್ದಿ ನಾಲಿಗೆಗೆ ತಾಗಿಸಿದಳು. ಆಮೇಲೆ ಇತ್ತ ತಿರುಗಿ, ‘ಬೇಡ, ಕೆಡೋಕೆ ಶುರುವಾಗಿದೆ’ ಎಂದಳು. ಪಕ್ಕದ ಮನೆಯವಳು ಹೋದಳು.

ಬೇರೆ ದಿನವಾಗಿದ್ದರೆ ಇವನು ಗಮನಿಸುತ್ತಿರಲಿಲ್ಲ. ಆದರೆ ಇಷ್ಟು ದಿನ ಹಿತ್ತಾಳೆ ತಗಡಿನಲ್ಲಿ ಕದ್ದು ನೋಡಿ ನೋಡಿ ಕಣ್ಣು ಹರಿತವಾಗಿತ್ತು. ಬೆರಳು ಯಾಕೆ? ಬೆನ್ನು ತಿರುಗಿಸಿದ್ದು ಯಾಕೆ? ಇಷ್ಟು ದಿನ ಕೋಟಿಗೆ ಹೊಡೆದುಕೊಂಡ ಘಾಟಿನ ಬಗ್ಗೆಯೂ ಅವಳು ಏನೂ ಅನ್ನದಿದ್ದುದು ಯಾಕೆ?

ಅವನು ಹಿತ್ತಲಿಗೆ ಹೋಗಿ ಕರವಸ್ತ್ರಕ್ಕೆ ಡಿಯೋಡರೆಂಟನ್ನು ತೊಯ್ಯುವಷ್ಟು ಹೊಡೆದ. ಅವನಿಗೇ ಕಣ್ಣಲ್ಲಿ ನೀರು ಬಂತು. ಒಳಗೆ ಬಂದು ಅದನ್ನು ಅವಳ ಮುಖದ ಹತ್ತಿರವೇ ಹಿಡಿದ. ‘ಇದರಲ್ಲಿ ಶಾಯಿ ಕಲೆ ಇತ್ತಲ್ಲ, ಹೋಗಿದ್ಯಾ ನೋಡೇ.’

ಅವಳು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ತಂದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ‘ಹೋಗಿದೆ. ಯಾಕೆ ಒದ್ದೆ ಮಾಡಿದ್ದೀರಿ?’

‘ವಾಸನೆ ಏನೂ ಇಲ್ವಾ?’

‘ಏನಿಲ್ಲ’ ಎಂದಳು. ಅಂದ ಮೇಲೆ ಅವನ ಮುಖ ನೋಡಿದಳು. ಕರವಸ್ತ್ರವನ್ನು ಮೇಜಿನ ಮೇಲಿಟ್ಟು ಅಲ್ಲೇ ನೆಲಕ್ಕೆ ಕೂತಳು.

‘ಯಾವಾಗಿಂದ?’

‘ಚಳಿಗಾಲದಲ್ಲಿ ಜ್ವರ ಬಂತಲ್ಲ, ಆವಾಗಿಂದ. ಬರುತ್ತೆ ಬರುತ್ತೆ ಅಂದ್ಕೊಂಡೆ.’

‘ನನಗ್ಯಾಕೆ ಹೇಳ್ಲಿಲ್ಲ? ದಿನಾ ಕೋಟು ಹಿಡ್ಕೊಂಡು ನಾಟಕ ಮಾಡ್ತಿದ್ಯಾ? ಊರಿನ ಮೇಲೆಲ್ಲ ಅನುಮಾನಪಟ್ಟು ಹುಚ್ಚನ ಥರ ಆಗಿದ್ದೀನಲ್ಲೇ ನಾನು!’ ಅವನು ಕೂಗಾಡಿದ. ಅದನ್ನು ಅವನೇ ಆಮೇಲೆ ತಲೆ ತಗ್ಗಿಸಿ ನನಗೆ ಹೇಳಿದ.

ಅವಳು ಕೂತಲ್ಲಿಂದಲೇ ತಲೆಯೆತ್ತಿದಳು. ‘ನಾಟಕ ಅಲ್ಲಾರೀ. ಕೋಟು ಚೆನ್ನಾಗಿದ್ಯಾ ಅಂತ ನೋಡ್ತಿರಲಿಲ್ಲ ನಾನು. ಇವತ್ತಾದ್ರೂ ನಿಮ್ಮ ವಾಸನೆ ಸಿಗುತ್ತೇನೋ ಅಂತ ನೋಡ್ತಿದ್ದೆ. ಸಿಗ್ತಿರಲಿಲ್ಲ. ಏನಿಲ್ಲ ಅಂತಿದ್ದೆ. ಅದು ಸುಳ್ಳಾ?’

ತಮ್ಮ ಗೂಟದಿಂದ ಕೋಟನ್ನು ಇಳಿಸಿ ಬಕೆಟ್ಟಿಗೆ ಹಾಕಿದ. ಮೊದಲ ನೀರು ಚಹಾದ ಬಣ್ಣಕ್ಕೆ ತಿರುಗಿತಂತೆ. ಅವಳು ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: ‘ಬೀದಿಯವರಿಗೆ ಹೇಳ್ಬೇಡಿ. ಯಾರಿಗೂ ಹೇಳ್ಬೇಡಿ. ನನ್ನನ್ನ ಇನ್ಯಾಕೆ ಕೂಗ್ತಾರೆ ಅವರು?’

ಅಕ್ಕನೊಬ್ಬಳನ್ನು ಬಿಟ್ಟು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟ. ಮಾತು ಕೊಡುವಾಗ ಮಾರನೆಯ ದಿನದ ಮ್ಯಾನೇಜರರ ಕೋಣೆ ನೆನಪಿರಲಿಲ್ಲವೋ ಏನೋ.

ಕೋಟು ಇನ್ನೂ ಹಸಿಯಾಗಿತ್ತು. ಅಂಗಿಯಲ್ಲೇ ಹೋದ. ಮ್ಯಾನೇಜರರು ಒಳ್ಳೆಯವರೇ, ಆದರೆ ಮಾತು ಉದ್ದ. ಉಬ್ಬಸದ ಅಜ್ಜಿಯಿಂದ ಶುರುಮಾಡಿ ಕಟ್ಟಡದ ಮರ್ಯಾದೆಯವರೆಗೆ ಬಂದರು. ‘ಇಷ್ಟು ವರ್ಷ ನಿನ್ನ ಮೇಲೆ ಒಂದು ದೂರು ಇರಲಿಲ್ಲ. ಏನಾಯ್ತು ನಿನಗೆ? ಕಾರಣ ಹೇಳು. ಕಾರಣ ಇದ್ರೆ ಬೇರೆಯವರಿಗೆ ನಾನು ಸಮಾಧಾನ ಹೇಳ್ತೀನಿ.’

ಕಾರಣ ನಾಲಿಗೆ ತುದಿಯಲ್ಲೇ ಇತ್ತು. ಹೆಂಡತಿಗೆ ಜ್ವರ ಬಂದು ವಾಸನೆ ಹೋಗಿದೆ, ಕೋಟು ತೊಳೆಯುವುದು ಅವಳ ಮಾತಿನ ಮೇಲೆ. ಅಷ್ಟು ಹೇಳಿದ್ದರೆ ಸಾಕು, ಅವನು ಮತ್ತೆ ಚೊಕ್ಕಟ ಮನುಷ್ಯ. ಆದರೆ ಔಷಧಿ ಅಂಗಡಿಯವನ ಮನೆ ಇವರ ಪಕ್ಕದ ಬೀದಿಯಲ್ಲೇ. ಕಟ್ಟಡದಲ್ಲಿ ಬೆಳಿಗ್ಗೆ ಆಡಿದ್ದು ಸಂಜೆಯೊಳಗೆ ಅಲ್ಲಿರುತ್ತದೆ.

‘ನಂದೇ ಸೋಮಾರಿತನ ಸಾರ್’ ಎಂದ. ‘ಕೋಟು ತೊಳೀಲಿಲ್ಲ. ಮೈಗಳ್ಳತನ. ಇನ್ಮೇಲೆ ಹಾಗಾಗಲ್ಲ.’

‘ನೀನಾ?’ ಮ್ಯಾನೇಜರರು ನಂಬಲಾರದೆ ನೋಡಿದರು. ಆಮೇಲೆ ನಂಬಿದರು. ಅವರು ನಂಬಿದ್ದು ಕಣ್ಣಿಗೆ ಕಂಡಿತು, ಅದೇ ಎಲ್ಲಕ್ಕಿಂತ ಕಷ್ಟವಾಯಿತು ಎಂದು ತಮ್ಮ ಹೇಳುತ್ತಾನೆ.

‘ಡಿಯೋಡರೆಂಟನ್ನ ಬಟ್ಟೆಗಲ್ಲಪ್ಪ, ಮೈಗೆ ಹಾಕ್ಕೋ. ಸ್ನಾನ ಮಾಡಿದ ಮೇಲೆ, ಹದವಾಗಿ. ಈ ಕಾಲದಲ್ಲಿ ಅದಿಲ್ದೆ ಆಗಲ್ಲ.’

‘ಆಗ್ಲಿ ಸಾರ್. ಅದನ್ನ ಇಟ್ಟಿದ್ದು ಯಾರು ಅಂತ…’

‘ಒಬ್ಬರ ಹೆಸರು ಹೇಳೋಕಾಗುತ್ತಾ? ಎಲ್ಲರ ಒಪ್ಪಿಗೆ ಮೇಲೇ ಇಟ್ಟಿದ್ದು’ ಎಂದರು ಮ್ಯಾನೇಜರರು. ಅವನು ಅನುಮಾನಪಟ್ಟವರಲ್ಲಿ ಒಬ್ಬರೂ ನಿರಪರಾಧಿಯಾಗಿರಲಿಲ್ಲ! ಕೆಲಸ ಉಳಿಯಿತು, ಚೊಕ್ಕಟ ಮನುಷ್ಯ ಎಂಬ ಹೆಸರು ಉಳಿಯಲಿಲ್ಲ. ಕೆಲವು ದಿನ ಕಟ್ಟಡದವರು, ‘ಏನು ಲಿಫ್ಟಣ್ಣ, ಇವತ್ತು ಸ್ನಾನ ಆಯ್ತಾ?’ ಎಂದು ಛೇಡಿಸುತ್ತಿದ್ದರು. ಅವನು ‘ಆಯ್ತು’ ಎಂದು ಬಾಗಿಲು ಎಳೆಯುತ್ತಿದ್ದ. ಮ್ಯಾನೇಜರರು ಎರಡನೆಯ ಕೋಟೊಂದನ್ನು ಹೊಲಿಸಿಕೊಟ್ಟರು. ಲೆಕ್ಕದ ಸಾಹೇಬರು ವ್ಯಾಯಾಮ ಬಿಟ್ಟು ಲಿಫ್ಟಿಗೆ ಮರಳಿದರು. ಡಿಯೋಡರೆಂಟಿನ ಮಹಿಮೆ ನೋಡಿ ಎಂದು ಮ್ಯಾನೇಜರರು ಈಗಲೂ ಎಲ್ಲರಿಗೂ ಹೇಳುತ್ತಾರಂತೆ. ಆ ಕ್ಯಾನು ತಮ್ಮನ ಮನೆಯ ಬಚ್ಚಲಿನ ಅಟ್ಟದ ಮೇಲೆ ಧೂಳು ಹಿಡಿದು ಕೂತಿದೆ. ಒಗೆದ ಕೋಟು, ಎರಡು ಹೊತ್ತಿನ ಸ್ನಾನ, ಅವನ ಬೆವರಿಗೆ ಅಷ್ಟು ಸಾಕಾಯಿತು. ಎಲ್ಲರಿಗೂ ಸಾಕೆಂದು ನಾನು ಹೇಳಲಾರೆ.

ಅವಳನ್ನು ವೈದ್ಯರಿಗೆ ತೋರಿಸಲು ಒಪ್ಪಿಸುವಷ್ಟರಲ್ಲಿ ನನಗೂ ಅವನಿಗೂ ಸಾಕುಸಾಕಾಯಿತು. ಕಿವಿ ಮೂಗು ಗಂಟಲಿನ ಒಳ್ಳೆಯ ವೈದ್ಯರು ಇರುವುದು ಅದೇ ಕಟ್ಟಡದ ಐದನೇ ಮಹಡಿಯಲ್ಲಿ. ‘ಅಲ್ಲಿ ನಿಮ್ಮ ಜನ ಎಲ್ಲ ಇರ್ತಾರೆ’ ಎಂದು ಅವಳ ತಕರಾರು. ಕೊನೆಗೆ, ‘ಅತ್ತಿಗೆ, ನೀವೂ ಬನ್ನಿ’ ಎಂದಳು. ದೇವರನ್ನು ನೆನೆದುಕೊಂಡು ಹೊರಟೆವು.

ತಮ್ಮ ನಮ್ಮಿಬ್ಬರನ್ನೂ ಒಳಗೆ ಕರೆದು ಬಾಗಿಲು ಎಳೆಯುವಷ್ಟರಲ್ಲಿ ಲೆಕ್ಕದ ಸಾಹೇಬರೂ, ಅವರ ಹಿಂದೆಯೇ ಔಷಧಿ ಅಂಗಡಿಯವನೂ ಹತ್ತಿಕೊಂಡರು.

‘ಯಾರು ಲಿಫ್ಟಣ್ಣ, ಮನೆಯವರಾ?’ ಎಂದರು ಸಾಹೇಬರು. ‘ಐದನೇ ಮಹಡಿಗಾ? ಏನು ತೊಂದ್ರೆ?’

ಔಷಧಿ ಅಂಗಡಿಯವನ ಕಿವಿ ನೆಟ್ಟಗಾಯಿತು. ತಮ್ಮ ಹಿತ್ತಾಳೆಯ ತಗಡಿನಲ್ಲಿ ಹೆಂಡತಿಯ ಮುಖ ನೋಡಿದ. ಅವಳು ಸೆರಗಿನ ತುದಿಯನ್ನು ಮುದುಡಿ ಹಿಡಿದಿದ್ದಳು.

‘ಕಿವಿ ಸಾರ್’ ಎಂದ. ‘ಸರಿಯಾಗಿ ಕೇಳಿಸಲ್ಲ.’

‘ಅಯ್ಯೋ ಪಾಪ’ ಎಂದು ಸಾಹೇಬರು ಅವಳತ್ತ ಬಾಗಿ ದೊಡ್ಡ ದನಿಯಲ್ಲಿ ಕೇಳಿದರು: ‘ಎಷ್ಟು ದಿನದಿಂದಮ್ಮಾ?’

ಅವಳು ಒಂದು ಗಳಿಗೆ ಗಂಡನ ಬೆನ್ನನ್ನೇ ನೋಡಿದಳು. ಆಮೇಲೆ ಕೈಯನ್ನು ಕಿವಿಯ ಹಿಂದಿಟ್ಟು, ಅಷ್ಟೇ ಜೋರಾಗಿ, ‘ಏನಂದ್ರೀ?’ ಎಂದಳು.