ಹುಳದ ಮನೆಯಲ್ಲಿ ಸಾಕಿದ ಮಗಳು

ನಾನು ಹುಟ್ಟಿದ್ದು ಹುಳ ಸಾಕುವವರ ಮನೆಯಲ್ಲಿ, ಸೊಸೆಯಾಗಿ ಹೋಗಿದ್ದೂ ಹುಳ ಸಾಕುವವರ ಮನೆಗೇ. ದೊಡ್ಡಬಳ್ಳಾಪುರದ ಕಡೆಯ ನಮ್ಮ ವಿಜಯಪುರದ ಸುತ್ತಮುತ್ತ ಹುಳ ಅಂದರೆ ರೇಷ್ಮೆಹುಳ, ಬಿಡಿಸಿ ಹೇಳಬೇಕಿಲ್ಲ. ಹುಳದ ಮನೆಯೊಳಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಹತ್ತಿರದಲ್ಲಿ ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಇಣುಕುವಂತಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಬಕೆಟ್ಟು ಇರುತ್ತದೆ. ಅದರಲ್ಲಿ ಕೈ ಅದ್ದದೆ ಒಳಗೆ ಬಂದರೆ ನನ್ನಪ್ಪ ಹೆತ್ತ ಮಕ್ಕಳು ಅಂತಲೂ ನೋಡದೆ ಬೈದು ಅಟ್ಟುತ್ತಿದ್ದ.

ಏರ್‌ಪೋರ್ಟ್ ಬಂದ ಮೇಲೆ ಗಂಡನ ಮನೆಯ ಹಿಪ್ಪುನೇರಳೆ ತೋಟ ಲೇಔಟ್ ಆಯಿತು. ನನ್ನ ಗಂಡ ಕ್ಯಾಬ್ ಓಡಿಸತೊಡಗಿದರು. ಹುಳದ ಮನೆ ಖಾಲಿ ಬಿತ್ತು. ಅದರಲ್ಲಿ ನಾನು ನನ್ನ ಮಗಳನ್ನು ಸಾಕಿದೆ.

ನಗಬೇಡಿ. ಅವಳಿಗಿಂತ ಮೊದಲು ಹುಟ್ಟಿದ ಮಗು ಮೂರು ತಿಂಗಳಿಗೇ ಜ್ವರ ಬಂದು ನನ್ನ ಮಡಿಲಲ್ಲೇ ಹೋಗಿತ್ತು. ಯಾರೋ ನೆಗಡಿಯವರು ಎತ್ತಿಕೊಂಡಿದ್ದರು, ಅದಕ್ಕೇ ಹೀಗಾಯಿತು ಅಂತ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಆರು ವರ್ಷ ಕಾದ ಮೇಲೆ ಹುಟ್ಟಿದವಳು ಇವಳು. ಇವಳೂ ಹೋದರೆ ನಾನು ಬದುಕಿರುವುದಿಲ್ಲ ಅಂತ ಬಾಣಂತನದಲ್ಲೇ ನಿಶ್ಚಯ ಮಾಡಿದ್ದೆ.

ದಿನಾ ನೆಲಕ್ಕೆ ಬ್ಲೀಚಿಂಗ್. ನೀರು, ಹಾಲು, ಚಮಚ, ಗೊಂಬೆ, ಕುದಿಯುವಂಥದ್ದೆಲ್ಲ ಕುದಿಯಲೇಬೇಕು. ಮೊಸರು ಥಂಡಿ, ಮಗುವಿಗೆ ಬೇಡ. ಅತ್ತೆಗೆ ಒಂದು ಹಸುವಿತ್ತು. ಸಗಣಿ ಬಾಚುವ ಕೈ ಅಂತ ಅವರನ್ನು ಹೊಸ್ತಿಲಿನಿಂದ ಆಚೆಗೇ ನಿಲ್ಲಿಸಿದ್ದೆ. ಪಾಪ, ಆ ಜೀವ ದಿನಾ ಬಕೆಟ್ಟಿನಲ್ಲಿ ಕೈ ಅದ್ದಿಕೊಂಡು ಬಂದು, 'ಒಂದ್ ಗಳಿಗೆ ಎತ್ಕೊಳ್ಲೇನಮ್ಮಾ?' ಅಂತ ಕೇಳುತ್ತಿತ್ತು. ನಾಳೆ ಅತ್ತೆ, ನಾಳೆ ಅನ್ನುತ್ತಿದ್ದೆ. ಆ ನಾಳೆ ಒಂದೂವರೆ ವರ್ಷವಾದರೂ ಬರಲಿಲ್ಲ.

ಇಷ್ಟಾದರೂ ಮಗು ಗಟ್ಟಿಯಾಯಿತೇ? ಎಲ್ಲಿಯ ಗಟ್ಟಿ! ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಎದ್ದರೆ ಹುಳ ಗೆದ್ದ ಹಾಗೆ. ನನ್ನ ಮಗಳು ನಾಲ್ಕಲ್ಲ, ತಿಂಗಳಿಗೆ ಎರಡರಂತೆ ಜ್ವರಕ್ಕೆ ಬೀಳುತ್ತಿದ್ದಳು. ಒಂದು ಸೀನು ಸೀನಿದರೆ ಸಾಕು, ಡಾಕ್ಟರ ಹತ್ತಿರ ಓಡುತ್ತಿದ್ದೆ. 'ಪವರ್ ಇರೋ ಔಷಧಿ ಬರ್ಕೊಡಿ ಸಾರ್.' ಬೇಡಮ್ಮಾ, ತಾನೇ ಹೋಗುತ್ತೆ ಅಂದವರನ್ನು ಬಿಟ್ಟು ಬರೆದುಕೊಡುವವರನ್ನು ಹುಡುಕುತ್ತಿದ್ದೆ. ಯಾರೂ ಬರೆಯದಿದ್ದ ದಿನ ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ತರುತ್ತಿದ್ದೆ.

ಅಂಥದೇ ಒಂದು ಬಾಟಲಿ ಮುಗಿಯುವ ಹೊತ್ತಿಗೆ ಭೇದಿ ಶುರುವಾಯಿತು, ನಿಲ್ಲಲಿಲ್ಲ. ಮೂರನೆಯ ದಿನಕ್ಕೆ ಅವಳಿಗೆ ಅಳುವ ಶಕ್ತಿಯೂ ಇರಲಿಲ್ಲ. ಎತ್ತಿಕೊಂಡರೆ ಕತ್ತು ಜೋತು ಬೀಳುತ್ತಿತ್ತು, ಕಣ್ಣು ಒಳಕ್ಕೆ ಹೋಗಿತ್ತು. ಹುಳಕ್ಕೆ ಹೀಗಾದರೆ ನಾವು ಸಪ್ಪೆ ರೋಗ ಅನ್ನುತ್ತೇವೆ. ಸಪ್ಪೆ ಬಿದ್ದ ಹುಳವನ್ನು ಆರಿಸಿ ಸುಣ್ಣ ಹಾಕಿ ಹೂಳುತ್ತೇವೆ. ಆ ಯೋಚನೆ ಬಂದದ್ದಕ್ಕೆ ಆಸ್ಪತ್ರೆಗೆ ಹೊರಟ ಕಾರಿನಲ್ಲೇ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. 'ಲೇ, ಸುಮ್ನಿರೇ, ನಂಗೆ ಗಾಡಿ ಓಡ್ಸೋಕಾಗ್ತಿಲ್ಲ' ಅಂತ ಗಂಡ ಕೂಗಿದರು.

ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಮಕ್ಕಳ ಡಾಕ್ಟರಮ್ಮ ನನ್ನ ಚೀಲದಲ್ಲಿದ್ದ ಬಾಟಲಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಒಂದೊಂದರ ಹೆಸರನ್ನೂ ಓದಿದರು. ಆಮೇಲೆ ಅಂದರು: 'ಹೊಟ್ಟೇಲಿ ಒಳ್ಳೇ ಕ್ರಿಮಿಗಳೂ ಇರ್ತವೆ ಕಣಮ್ಮಾ. ಯಾರು ಮನೆಯವರು, ಯಾರು ಕಳ್ಳರು ಅಂತ ಮಗೂನ ಮೈಗೆ ಗುರುತು ಹಿಡಿಯೋದು ಕಲಿಸೋದ್ರಲ್ಲಿ ಅವುಗಳದ್ದೂ ಪಾಲಿದೆ. ಬೇಕಿಲ್ದೆ ಇದ್ದಾಗ್ಲೂ ಈ ಆಂಟಿಬಯಾಟಿಕ್ ಔಷಧಿ ಹಾಕಿ ಹಾಕಿ ಕಳ್ಳರ ಜೊತೆ ಮನೆಯವರನ್ನೂ ಓಡ್ಸಿಬಿಟ್ಟಿದೀರ.' ಒಂದು ಪುಡಿಯ ಪೊಟ್ಟಣ ಕೊಟ್ಟು ಅದರಲ್ಲಿ ಒಳ್ಳೆಯ ಕ್ರಿಮಿಗಳಿವೆ ಎಂದರು. ಮುಖ್ಯ ಚಿಕಿತ್ಸೆ ಡ್ರಿಪ್ಪು, ಓಆರ್‌ಎಸ್ಸು; ಇದು ಜೊತೆಗೆ ಸಹಾಯ ಮಾಡಬಹುದು, ಅಷ್ಟೇ ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಹೋಗುವ ಜೀವ ಹಿಡಿದುಕೊಂಡು ಕೂತಿದ್ದೇನೆ, ಇವರು ಕ್ರಿಮಿ ಕುಡಿಸು ಅನ್ನುತ್ತಾರಲ್ಲ! ಆದರೂ ಡಾಕ್ಟರಮ್ಮನ ಮಾತು ಮೀರುವ ಧೈರ್ಯ ಇರಲಿಲ್ಲ. ಅದಕ್ಕೆ ನನ್ನ ಬುದ್ಧಿ ಒಂದು ದಾರಿ ಹುಡುಕಿತು. ಫ್ಲಾಸ್ಕಿನಲ್ಲಿ ತರಿಸಿದ ಸುಡುಸುಡು ರಾಗಿಗಂಜಿಗೆ ಪುಡಿ ಸುರಿದು, ಮುಚ್ಚಿಟ್ಟು, ಆರಿದ ಮೇಲೆ ಕುಡಿಸುತ್ತಿದ್ದೆ. ಕ್ರಿಮಿ ಅಂದ ಮೇಲೆ ಕಾಯಿಸದೆ ಕೊಡುವುದುಂಟೇ? ಹೀಗೇ ಮೂರು ದಿನ. ಭೇದಿ ಕಮ್ಮಿಯಾಗಲಿಲ್ಲ. ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಮಗಳ ಅಂಗಾಲಿಗೆ ಹಣೆ ಹಚ್ಚಿ, ಹೋಗಬೇಡ ಕಣೇ, ನನ್ನ ಬಿಟ್ಟು ಹೋಗಬೇಡ ಅಂತ ಬೇಡಿಕೊಂಡೆ.

ನಾಲ್ಕನೆಯ ದಿನ ಬೆಳಗ್ಗೆ ನರ್ಸಮ್ಮ ನೋಡಿಬಿಟ್ಟಳು. ನಮ್ಮ ಕಡೆಯವಳೇ, ಅವರ ಮನೆಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಾರೆ.

'ಅಯ್ಯೋ, ಏನಮ್ಮಾ ಮಾಡ್ತಿದೀರಾ? ಅದು ಜೀವ ಇರೋದು! ಗೂಡು ಬೇಯ್ಸಿದಂಗೆ ಬೇಯ್ಸಿ ಕೊಡ್ತಿದೀರಲ್ಲಾ!'

ನನ್ನ ಕೈಯಿಂದ ಲೋಟ ಬಿತ್ತು. ತವರುಮನೆಯಲ್ಲಿದ್ದಾಗ ಇರುವೆಗಿಂತ ಸಣ್ಣ ಮರಿಹುಳಗಳನ್ನು ಬಸ್ಸಿನಲ್ಲಿ, ಮೇಲೆ ಒದ್ದೆಬಟ್ಟೆ ಹೊದಿಸಿ, ಬಿಸಿಲು ತಾಗದ ಹಾಗೆ ಮಡಿಲಲ್ಲಿಟ್ಟುಕೊಂಡು ತಂದವಳು ನಾನು. ಜೀವ ಇರುವುದನ್ನು ಹೇಗೆ ಹಿಡಿಯಬೇಕು ಅಂತ ನನಗೆ ಗೊತ್ತಿರಲಿಲ್ಲವೇ? ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅಲ್ಲೇ ನೆಲದ ಮೇಲೆ ಕೂತು, ನನ್ನ ಮಗೂನ ನಾನೇ ಕೊಲ್ತಿದೀನಿ ಅಂತ ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಅತ್ತುಬಿಟ್ಟೆ.

ಅಂದಿನಿಂದ ಪುಡಿಯನ್ನು ಆರಿದ ನೀರಿನಲ್ಲಿ ಕಲಸಿ ಕೊಟ್ಟೆ. ಇನ್ನೆರಡು ದಿನಕ್ಕೆ ಭೇದಿ ನಿಂತಿತು. ಪುಡಿಯಿಂದಲೋ, ಡ್ರಿಪ್ಪಿನಿಂದಲೋ, ಆ ಔಷಧಿ ನಿಲ್ಲಿಸಿದ್ದರಿಂದಲೋ, ಡಾಕ್ಟರಮ್ಮನೂ ಇಂಥದ್ದೇ ಅಂತ ಹೇಳಲಿಲ್ಲ. ಮನೆಗೆ ಕಳಿಸುವಾಗ ಅಂದರು: 'ಬ್ಲೀಚಿಂಗ್ ಎಸೀರಿ. ಸೋಪಲ್ಲಿ ಕೈ ತೊಳೆದ್ರೆ ಸಾಕು. ಮನೇಲಿ ಹೆಪ್ಪು ಹಾಕಿದ ಮೊಸರನ್ನ ಕೊಡಿ. ನಾಲ್ಕು ಜನ ಎತ್ಕೊಳ್ಲಿ, ಆಡಿಸ್ಲಿ.'

ಮನೆಗೆ ಬಂದಾಗ ಅತ್ತೆ ಮೊಸರನ್ನ ಕಲಸಿಟ್ಟುಕೊಂಡು ಹೊಸ್ತಿಲ ಆಚೆ ನಿಂತಿದ್ದರು. ಬನ್ನಿ ಅತ್ತೆ, ನೀವೇ ತಿನ್ನಿಸಿ ಅಂದೆ. ಅವರು ನಂಬಲಿಲ್ಲ. ಇನ್ನೊಂದು ಸಲ ಹೇಳಿದ ಮೇಲೆ ಒಳಗೆ ಬಂದು, ತುತ್ತು ಹಿಡಿದು, 'ಬಾರೇ ನಮ್ಮಮ್ಮಾ' ಅಂದರು. ಮಗಳು ಅವರ ಮುಖ ನೋಡಿ ಚಿಟ್ಟನೆ ಚೀರಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಇಷ್ಟು ದಿನ ಹೊಸ್ತಿಲಾಚೆ ನಿಂತೇ ಇದ್ದ ಮುಖ, ಅವಳಿಗೆ ಗುರುತಾಗುವುದಾದರೂ ಹೇಗೆ?

ಅತ್ತೆ ತುತ್ತನ್ನು ತಟ್ಟೆಗೆ ಹಾಕಿ, ಬ್ಲೀಚಿಂಗಿಗೆ ಬಿರಿದು ಬೆಳ್ಳಗಾಗಿದ್ದ ತಮ್ಮ ಅಂಗೈ ನೋಡಿಕೊಂಡರು.

'ಇನ್ನೊಂದ್ಸಲ ತೊಳ್ಕೊಂಡ್ ಬರ್ತೀನಿ, ತಡಿ' ಅಂದು ಬಕೆಟ್ಟಿನ ಕಡೆ ನಡೆದರು.