ಮಷೀನು ಕೂಗುವುದರೊಳಗೆ

ನಮ್ಮ ಕಡೆ ಯಾರನ್ನಾದರೂ ಹೆಸರು ಕೇಳಿ ನೋಡಿ, ಮುತ್ತಜ್ಜನಿಂದ ಶುರು ಮಾಡುತ್ತಾರೆ. ಸ್ವಂತ ಹೆಸರಿಗೆ ಬಂದು ಮುಟ್ಟುವುದರೊಳಗೆ ಕೇಳಿದವನ ಗಡ್ಡ ನಾಲ್ಕು ಬೆರಳು ಬೆಳೆದಿರುತ್ತದೆ. ಇಂಥ ಊರಿನ ಸೋನಾಲಿಗೆ ರಾಯಬಾಗದ ದೊಡ್ಡ ಡೇರಿಯಿಂದ ಫೋನ್ ಬಂತು: “ಸೋಮವಾರ ಇಂಟರ್‌ವ್ಯೂ ಐತ್ರಿ. ಇಲ್ಲೀತನಕ ಏನೇನ್ ಕೆಲಸಾ ಮಾಡೀರಿ ಅನ್ನೂದನ್ನ ಒಂದ ನಿಮಿಷದಾಗ ಹೇಳಬೇಕ್ರಿ.”

ಒಂದು ನಿಮಿಷ! ಅಷ್ಟರಲ್ಲಿ ನಾವು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದೂ ಮುಗಿಯುವುದಿಲ್ಲ.

ಸೋನಾಲಿ ಕುರಿಗಾರರ ಮನೆಯ ಸೊಸೆ. ಗಂಡ ಮಾಳು ವರ್ಷದಲ್ಲಿ ಎಂಟು ತಿಂಗಳು ಕುರಿಯ ಹಿಂದೆಯೇ ಇರುತ್ತಾನೆ. ಇವಳು ನಮ್ಮೂರ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಬರುವ ತಿಂಗಳು ಆ ಡೇರಿ ಮುಚ್ಚುತ್ತದೆ. ರಾಯಬಾಗದ ಕೆಲಸ ಸಿಗದಿದ್ದರೆ, ಐದನೇ ತರಗತಿ ಓದುವ ಮಗಳನ್ನು ಸಾಲಿ ಬಿಡಿಸಿಕೊಂಡು ಇವಳೂ ಕುರಿಯ ಹಿಂದೆ ಹೊರಡಬೇಕು.

ಇವಳ ಒಂಬತ್ತು ವರ್ಷದ ಕೆಲಸದ ನಡುವೆ ಎಂಟು ತಿಂಗಳಿನ ಒಂದು ತೂತಿದೆ. ಅದನ್ನು ಕೊರೆದವನು ನಾನೇ, ಮುರಗೆಪ್ಪ. ಆಗ ನಾನು ಡೇರಿಯ ಚೇರಮನ್. ನನ್ನ ಕ್ಯಾನಿನ ಹಾಲು ಎಂಥದ್ದು ಅಂದರೆ, ಯಡೂರಿನಲ್ಲಿ ಕೃಷ್ಣಾ ಹೊಳೆ ಒಂದು ಗೇಣು ಇಳಿದರೂ ಜನ ನನ್ನ ಮುಖ ನೋಡುತ್ತಿದ್ದರು. ಒಂದು ಮುಂಜಾನೆ ಸಾಲು ತುಂಬ ಮಂದಿ ನಿಂತಿರುವಾಗ ಸೋನಾಲಿ, “ಅಜ್ಜಾರ, ಮಷೀನು ನೀರು ತೋರಸಾಕತ್ತೈತ್ರಿ. ಈ ಹಾಲು ತಗೊಳ್ಳಾಕ ಬರೂದಿಲ್ರಿ,” ಅಂದಳು. ನಾಳೆಯಿಂದ ನೀನೇ ಬರಬೇಡ ಅಂದೆ. ಎಂಟು ತಿಂಗಳ ಮೇಲೆ ಊರ ಮಂದಿ ಜಗಳ ಮಾಡಿ ಅವಳನ್ನು ತಿರುಗಿ ಕರೆಸಿದರು, ನನ್ನನ್ನು ಕುರ್ಚಿಯಿಂದ ಇಳಿಸಿದರು.

ಇಂಟರ್‌ವ್ಯೂ ತಾಲೀಮು ಡೇರಿಯಲ್ಲೇ ನಡೆಯಿತು. ಹಾಲಿನ ಬಟ್ಟಲು ಇಟ್ಟರೆ ಮಷೀನು ಗುಂಯ್ ಅಂತ ಮುಕ್ಕಾಲು ನಿಮಿಷ ಓಡಿ ಕೊನೆಗೆ ‘ಕೂಂ’ ಅನ್ನುತ್ತದೆ. ಅಷ್ಟರಲ್ಲಿ ಎಲ್ಲ ಹೇಳಿ ಮುಗಿಸಬೇಕು ಅಂತ ಸೋನಾಲಿ ಹಟ ಹಿಡಿದಳು. ಸಾಲಿನಲ್ಲಿ ನಿಂತವರು ಬಿಟ್ಟರೆ ತಾನೆ?

“ನನ್ನ ಎಮ್ಮಿ ಸುದ್ದೀನ ಇಲ್ಲಲ್ಲ ಬೇ!” ಅಂದಳು ಶೇವಂತಾ. “ಆ ಎಮ್ಮಿ ಹಿಂಡದಿದ್ರ ನೀ ಏನ್ ತಪಾಸ್ ಮಾಡಾಕಿ?”

“ನನ್ನ ಕ್ಯಾನ್ ಮಗಚಿದ್ದು ಹೇಳ ಬೇ, ಸಾಹೇಬ್ರು ನಗತಾರ,” ಅಂದ ಬೀರದೇವ.

ಎರಡು ದಿನದಲ್ಲಿ ಅವಳ ಕಥೆ ನನ್ನ ಹಳೆಯ ಹಾಲಿನಂತಾಯಿತು, ಒಂದು ಪಾಲಿಗೆ ಮೂರು ಪಾಲು ನೀರು. ಮಷೀನು ಕೂಗುವಾಗ ಅವಳಿನ್ನೂ ತನ್ನ ಮದುವೆಯ ಹತ್ತಿರವೇ ಇರುತ್ತಿದ್ದಳು. ಭಾನುವಾರ ಸಂಜೆ ಬಟ್ಟಲು ಅವಳ ಕೈಯಿಂದ ಜಾರಿ ಹಾಲು ಚೆಲ್ಲಿತು. ಒಂಬತ್ತು ವರ್ಷದಲ್ಲಿ ಅದೇ ಮೊದಲು.

ಅವಳ ಅತ್ತೆ ಸಾವಿತ್ರೆವ್ವ ಹತ್ತಿರ ಬಂದು, “ಆ ಎಂಟ ತಿಂಗಳದ್ದ ಮಾತ್ರ ತಗೀಬ್ಯಾಡ. ಕೆಲಸದಿಂದ ತಗದಿದ್ರು ಅಂದ್ರ ಯಾರ ಇಟ್ಕೋತಾರ? ಜಡ್ಡಾಗಿತ್ತು ಅನ್ನ,” ಅಂದಳು. ನಾನೂ ಜೋರಾಗಿ ತಲೆಯಾಡಿಸಿದೆ. ಟೋಪಿ ಹಾರಿ ಶೇವಂತಾಳ ಬಕೀಟಿನಲ್ಲಿ ಬಿತ್ತು.

ಸೋಮವಾರ ನಾನೂ ಜೊತೆಗೆ ಬಸ್ಸು ಹತ್ತಿದೆ. ಹುಡುಗಿಗೆ ಧೈರ್ಯ ಬೇಕಲ್ಲ ಅಂತ ಊರಿಗೆ ಹೇಳಿದ್ದೆ. ನಿಜ ಬೇರೆಯೇ ಇತ್ತು. ಅಲ್ಲಿನ ಸಾಹೇಬ ಸುಧೀರ ನಮ್ಮ ಬೀಗರ ಪೈಕಿ. ಅವರೆದುರು ನನ್ನ ನೀರಿನ ಪುರಾಣ ಬಂದರೆ ಮುಂದೆ ಯಾವ ಮದುವೆಯಲ್ಲಿ ಮುಖ ತೋರಿಸಲಿ? ಅವಳನ್ನು ಒಳಗೆ ಕರೆದ ಕೂಡಲೆ ನಾನು ಹಿತ್ತಲಿಗೆ ಹೋಗಿ ತೆರೆದ ಕಿಟಕಿಯ ಕೆಳಗೆ ನಿಂತೆ. ನನ್ನ ಎದೆ ಬಡಿತ ಅಥಣಿ ಬಸ್‌ಸ್ಟ್ಯಾಂಡಿನವರೆಗೆ ಕೇಳಿರಬೇಕು.

“ಹೇಳ್ರಿ,” ಅಂದ ಸುಧೀರ.

ಸೋನಾಲಿ ಸಣ್ಣ ದನಿಯಲ್ಲಿ, “ನಮ್ಮ ಮಾವನ ಅಪ್ಪಾರು ಕುರಿ...” ಅಂದಳು.

ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಯಾರೋ ಮಷೀನಿಗೆ ಹಾಲು ಇಟ್ಟರು. ಗುಂಯ್ ಅಂತ ಸದ್ದು ಶುರುವಾಯಿತು. ಸೋನಾಲಿ ತಡೆದು, ಮೊದಲಿನಿಂದ ಹಿಡಿದಳು.

“ಕ್ಯಾನ್ ತೊಳ್ಯಾಕ ಬಂದಾಕಿ, ನೋಡ್ಕೋತ ಮಷೀನು ಕಲತೇನ್ರಿ. ಒಂಬತ್ತ ವರ್ಷಾತು, ದಿನಾ ಎರಡ ಹೊತ್ತು ನೂರಾ ಇಪ್ಪತ್ತ ಮಂದೀದು ಹಾಲು ನೋಡತೇನಿ. ನಡುವ ಎಂಟ ತಿಂಗಳ ಕೆಲಸದಿಂದ ತಗದಿದ್ರು. ಚೇರಮನ್‌ರ ಹಾಲಿನ್ಯಾಗ ನೀರೈತಿ ಅಂತ ಹೇಳಿದ್ದಕ್ಕ. ಮುಂದ ಊರ ಮಂದೀನ ನನ್ನ ತಿರುಗಿ ಕರದ್ರು. ಹಾಲು ನೋಡಾಕ ಬರತೈತಿ. ನೋಡಿದ್ದನ್ನ ಹೇಳಾಕೂ ಬರತೈತ್ರಿ.”

ಕೂಂ.

ಸುಧೀರ ಗಂಟಲು ಸರಿಮಾಡಿಕೊಂಡ. “ಕೆಲಸಾ ಹೋದಾವ್ರೆಲ್ಲಾ ಹಿಂಗ ಹೇಳತಾರವ್ವಾ. ಯಾರಿದ್ರು ಆ ಚೇರಮನ್?”

“ಈಗ ಅವ್ರ ಹಾಲು ಚಲೋ ಬರತೈತ್ರಿ,” ಅಂದಳು. “ಹೆಸರ ಯಾಕ್ರಿ?”

“ಹೆಸರಿಲ್ಲಂದ್ರ ನಾವ್ ಹೆಂಗ ನಂಬೂದು?”

ಆದರೂ ಅವಳು ನನ್ನ ಹೆಸರು ಹೇಳಲಿಲ್ಲ. ಸುಧೀರ ಅವಳ ಅರ್ಜಿಯ ಕಾಗದ ಮಡಚುವ ಸದ್ದು ಕೇಳಿತು. ಆ ಕಾಗದದ ಜೊತೆಗೆ ಒಂದು ಹುಡುಗಿಯ ಸಾಲಿಯೂ ಮಡಚಿ ಹೋಗುವುದು ನನಗೆ ಕಂಡಿತು. ಕಾಲು ಬೇಡ ಬೇಡ ಅನ್ನುತ್ತಿದ್ದರೂ ಕುತ್ತಿಗೆ ಎದ್ದು ಕಿಟಕಿಯೊಳಗೆ ಹೋಯಿತು.

“ನಾನಾ ರೀ ಬೀಗರ, ನೀರ ಹಾಕಿದಾಂವ!” ಅಂದೆ. “ಅದ ಹೆಂಗಾತಂದ್ರ, ನಮ್ಮ ಮುತ್ತಜ್ಜನ ಕಾಲದಾಗ ಒಂದ ಎಮ್ಮಿ ಇತ್ತು...”

ಸುಧೀರನ ಕೈಯೊಳಗಿನ ಚಹಾ ಅಂಗಿಯ ಮೇಲೆ ಹೋಯಿತು. “ಸಾಕ್ರಿ ಅಜ್ಜಾರ! ತಿಳೀತು,” ಅಂದು, ಮಡಚಿದ ಕಾಗದ ಬಿಚ್ಚಿದ. “ಒಂದನೇ ತಾರೀಖಿಗೆ ಬಂದ ಹಾಜರಾಗ್ರೆವ್ವಾ.”

ತಿರುಗಿ ಬರುವ ಬಸ್ಸಿನಲ್ಲಿ ಸೋನಾಲಿ ಫೋನ್ ಹಚ್ಚಿ, “ಅತ್ತೀ, ಸಾಲಿ ಬಿಡಸೂದ ಬ್ಯಾಡ,” ಅಂತ ಅಷ್ಟೇ ಹೇಳಿ ಇಟ್ಟಳು.

“ಅಜ್ಜಾರ,” ಅಂದಳು ಸ್ವಲ್ಪ ಹೊತ್ತಿನ ಮೇಲೆ, “ಬರೂ ತಿಂಗಳದಿಂದ ನಿಮ್ಮ ಹಾಲೂ ರಾಯಬಾಗಕ್ಕ ಬರತೈತ್ರಿ. ಅಲ್ಲೀನೂ ನಾನಾ ನೋಡಾಕಿ.”

ಉತ್ತರ ಕೊಡಲು ನನಗೆ ಒಂದು ನಿಮಿಷ ಬೇಕಾಗಲಿಲ್ಲ. “ಹೌದವ್ವಾ,” ಅಂದೆ.