ಹೋಟೆಲ್ ಕಮಲದ ನೈದಿಲೆ

ಗ್ರಾಂಟ್ ರೋಡಿನಲ್ಲಿ ಅಂಗಡಿಗಳ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದ ನಾನು, ನನ್ನನ್ನು ಕಲಾವಿದನೆಂದು ಕರೆದುಕೊಳ್ಳುತ್ತಿದ್ದೆ. ಬೇರೆ ಯಾರೂ ಹಾಗೆ ಕರೆಯದಿದ್ದುದರಿಂದ ಆ ಕೆಲಸವೂ ನನ್ನ ಮೇಲೆಯೇ ಬಿದ್ದಿತ್ತು. ಧಾರವಾಡದ ಕಡೆಯಿಂದ ಬಂದ ಈ ಮುರಿಗೆಪ್ಪನಿಗೆ ಅಕ್ಷರ ಬರುತ್ತಿತ್ತು, ಹೂವು ಬರುತ್ತಿರಲಿಲ್ಲ. ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಇದು ಗೊತ್ತಿತ್ತು.

ಎಪ್ಪತ್ತೊಂದರಲ್ಲಿ ಮಂಗಳೂರು ಕಡೆಯ ಚೆನ್ನಯ ಅಲ್ಲಿ ‘ಹೋಟೆಲ್ ಕಮಲ’ ತೆರೆದರು. ಬೋರ್ಡಿನ ಮೇಲೆ ದೊಡ್ಡದೊಂದು ತಾವರೆ ಬೇಕೆಂದರು. ಕಲಾವಿದನಾದವನು ನಿಜವಾದ ಹೂವನ್ನು ನೋಡಿಯೇ ಬರೆಯಬೇಕಲ್ಲ! ಲೋಕಲ್ ರೈಲು ಹಿಡಿದು ಊರಂಚಿನ ದಹಿಸರಿಗೆ ಹೋದೆ. ಹೊಂಡವೊಂದರಲ್ಲಿ ಕೆಂಪು ಹೂಗಳು ಅರಳಿದ್ದವು. ಕೆಸರಿನಲ್ಲಿ ಕೂತು, ನೀರಿಗೆ ಅಂಟಿಕೊಂಡ ಎಲೆಗಳನ್ನೂ ಬಿಡದೆ ಬರೆದುಕೊಂಡು ಬಂದೆ.

ಬೋರ್ಡು ಮೇಲೇರಿದಾಗ ಚೆನ್ನಯ ಕತ್ತೆತ್ತಿ ಬಹಳ ಹೊತ್ತು ನೋಡಿದರು.

“ಇದೆಂತ ಮಾರಾಯ್ರೆ? ನೈದಿಲೆ ಅಲ್ವಾ ಇದು?”

“ತಾವರೀನ ರೀ. ಕಣ್ಣಾರೆ ನೋಡಿ ಬಂದೀನಿ. ನನ್ನ ಪ್ಯಾಂಟ್ ನೋಡ್ರಿ, ಇನ್ನೂ ಕೆಸರು ಹೋಗಿಲ್ಲ!”

ಪ್ಯಾಂಟಿನ ಸಾಕ್ಷಿಯನ್ನು ಅವರು ಒಪ್ಪಲಿಲ್ಲ.

ಘಾಟ್ಕೋಪರಿನ ಚಾಳಿನಲ್ಲಿದ್ದ ನಮ್ಮ ಕೋಣೆಗೆ ಬಂದು ಹೆಂಡತಿ ಮಲ್ಲವ್ವನ ಮುಂದೆ ಹಾರಾಡಿದೆ. ಮರುದಿನ ಅವಳು ದಾದರ್ ಮಾರ್ಕೆಟ್ಟಿನಿಂದ ಎಲೆಸಮೇತ ಒಂದು ತಾವರೆ ತಂದು ಕೈಗಿತ್ತಳು.

“ಒಯ್ದು ಜೋಡಿಸಿ ನೋಡ್ರಿ. ಆಮ್ಯಾಲೆ ಜಗಳಾ ಮಾಡೀರಂತ.”

ಚೆನ್ನಯರ ತಪ್ಪು ಹಿಡಿಯಲೆಂದೇ ಮತ್ತೆ ದಹಿಸರಿಗೆ ಹೋದೆ. ಹೊಂಡದ ಹೂವಿನ ದಳ ಸಪೂರ, ಚೂಪು. ಕೈಯಲ್ಲಿದ್ದುದರ ದಳ ಬೊಗಸೆಯಷ್ಟು ಅಗಲ. ಹೊಂಡದ ಎಲೆಗೆ ಯಾರೋ ಕತ್ತರಿ ಹಾಕಿದಂಥ ಸೀಳು. ಮಲ್ಲವ್ವ ತಂದ ಎಲೆ ಪೂರ್ತಿ ದುಂಡಗೆ. ತಾವರೆಯ ನಡುವೆ ತೂತುತೂತಿನ ಹಳದಿ ಬಟ್ಟಲಿತ್ತು, ನೈದಿಲೆಯಲ್ಲಿ ಅದರ ಸುಳಿವೇ ಇಲ್ಲ. ಇನ್ನೂ ಹತ್ತಿರದಿಂದ ನೋಡಲು ಬಗ್ಗಿದವನು ಹೊಂಡಕ್ಕೇ ಬಿದ್ದೆ. ಕೊರಳಿಗೆ ನೈದಿಲೆಯ ದಂಟು ಸುತ್ತಿಕೊಂಡು ಎದ್ದಾಗ ವಾದಿಸಲು ಏನೂ ಉಳಿದಿರಲಿಲ್ಲ.

ಒದ್ದೆ ಬಟ್ಟೆಯಲ್ಲೇ ಹೋಗಿ ಸೋಲೊಪ್ಪಿಕೊಂಡೆ. ಹಳೆಯದನ್ನು ಅಳಿಸಿ ತಾವರೆ ಬರೆದೆ. ಹೊಸ ಜ್ಞಾನದ ಹುರುಪು ನೋಡಿ, ಆ ತೂತಿನ ಬಟ್ಟಲನ್ನು ಎಲ್ಲರಿಗೂ ಕಾಣುವಷ್ಟು ದೊಡ್ಡದು ಮಾಡಿದೆ. ಬಂದ ಗಿರಾಕಿಗಳೆಲ್ಲ ಅದನ್ನು ಇಡ್ಲಿ ತಟ್ಟೆ ಎಂದುಕೊಂಡರು.

ಸರಿಮಾಡುತ್ತೇನೆಂದು ಏಣಿ ತಂದರೆ ಚೆನ್ನಯ ತಡೆದರು. “ಮುಟ್ಟಬೇಡಿ ಮಾರಾಯ್ರೆ! ಇಡ್ಲಿ ಒಳ್ಳೆ ಹೋಗ್ತಾ ಉಂಟು.”

ಮುಂದಿನ ವರ್ಷ ಮಾಟುಂಗದ ಹೋಟೆಲಿನವರೊಬ್ಬರು ನನ್ನನ್ನು ಹುಡುಕಿಕೊಂಡು ಬಂದು, ತಮ್ಮ ಬೋರ್ಡಿಗೂ ಒಂದು ‘ಇಡ್ಲಿ ಹೂವು’ ಬೇಕೆಂದರು. ಬಣ್ಣದ ಡಬ್ಬಿ ಎತ್ತಿಕೊಂಡು ಅವರ ಹಿಂದೆ ಹೊರಟೆ.